ಸೊಸೆ ಯಹೂದಿ, ಹೆರಿಗೆ ಆಟಿಯಲ್ಲಿ: ಮಗುವಿನ ಬಟ್ಟೆಬರೆ ಮುಂಚೆ ತರಬಾರದಂತೆ, ಎಂತ ಮಾಡುವುದು?

ಬಿಜೈ ಅಮ್ಮ
ಮೇ 6

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

31 ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತವಳು ನಾನು. ಸಂಜೆಯ ಒಳಗೆ ಚೀಲ ಕಟ್ಟಿ, ಅರಗು ಹಾಕಿ, ಮೊಹರು ಒತ್ತದಿದ್ದರೆ ಸಮಾಧಾನ ಇಲ್ಲ. ಯಾವ ಕೆಲಸವನ್ನೂ ಕೊನೆ ಗಳಿಗೆಗೆ ಬಿಟ್ಟು ಗೊತ್ತಿಲ್ಲ. ಈಗ ಮನೆಯಲ್ಲಿ ಎದ್ದಿರುವ ವಿಷಯ ಅದಕ್ಕೆ ಸರೀ ಉಲ್ಟಾ.

ಮಗ ಇಸ್ರೇಲಿನ ಹೈಫಾಕ್ಕೆ ಸಾಫ್ಟ್‌ವೇರ್ ಕೆಲಸಕ್ಕೆ ಹೋದವನು ಅಲ್ಲಿಯ ಹುಡುಗಿಯನ್ನೇ ಮದುವೆಯಾದ. ಹೋದ ವರ್ಷ ಇಬ್ಬರೂ ಇಲ್ಲಿಗೆ, ಮಂಗಳೂರಿಗೆ ಬಂದರು. ಅವನದು ಮನೆಯಿಂದಲೇ ಕೆಲಸ. ಸೊಸೆಗೆ ಈಗ ಆರು ತಿಂಗಳು ತುಂಬಿತು. ಡಾಕ್ಟರು ಜುಲೈ ಕೊನೆಯ ವಾರ ಅಂದಿದ್ದಾರೆ. ಅಂದರೆ ಸರಿಯಾಗಿ ಆಟಿಯ (ತುಳುನಾಡಿನ ಜೋರು ಮಳೆಯ ತಿಂಗಳು) ನಡುವೆ. ಆ ತಿಂಗಳಲ್ಲಿ ಒಂದು ಕರ್ಚೀಫು ಒಣಗಬೇಕಾದರೂ ಎರಡು ದಿನ ಬೇಕು, ನಿಮಗೆ ಗೊತ್ತಲ್ಲ.

ನಮ್ಮ ಅಟ್ಟದಲ್ಲಿ ಹಲಸಿನ ಮರದ ಒಂದು ತೊಟ್ಟಿಲು ಉಂಟು. ನನ್ನ ಗಂಡ, ನಾದಿನಿಯರು, ನನ್ನ ಮಗ ಎಲ್ಲ ಮಲಗಿದ್ದು ಅದರಲ್ಲೇ. ಹೋದ ವಾರ ಇಳಿಸಿದೆ. ಒಂದು ಪಟ್ಟಿ ಸಡಿಲ ಆಗಿತ್ತು, ಆಚಾರಿಯನ್ನು ಕರೆಸಿ ಸರಿ ಮಾಡಿಸಿದೆ. ನಾಲ್ಕು ಹಿತ್ತಾಳೆ ಸರಪಳಿಗಳನ್ನು ಹುಣಸೆಹುಳಿ ಹಾಕಿ ನಾನೇ ತಿಕ್ಕಿದೆ. ಬೆರಳಿನ ಸಂದು ಉರಿಯುವಷ್ಟು ತಿಕ್ಕಿದೆ. ಚಾವಡಿಯ ಕೊಕ್ಕೆಗೆ ತೂಗು ಹಾಕಿ, ಸೊಸೆ ನೋಡಿ ಖುಷಿಪಡಲಿ ಅಂತ ಕಾಯುತ್ತಾ ಕೂತಿದ್ದೆ.

ಸಂಜೆ ವಾಕಿಂಗ್ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತಳು. ಒಂದು ಚಪ್ಪಲಿ ಬಿಚ್ಚಿದ್ದಳು, ಇನ್ನೊಂದು ಕಾಲಲ್ಲೇ ಇತ್ತು. ಎರಡು ಕೈಯೂ ಹೊಟ್ಟೆಯ ಮೇಲೆ. ‘ಬೇಡ ಅತ್ತೆ, ಪ್ಲೀಸ್, ಬೇಡ’ ಅಂದಳು. ಒಳಗೆ ಬರಲೇ ಇಲ್ಲ. ಮಗ ಬಂದು ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕಿದ ಮೇಲೆಯೇ ಇನ್ನೊಂದು ಚಪ್ಪಲಿ ಬಿಚ್ಚಿದ್ದು. ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಆಮೇಲೆ ಮಗ ವಿವರಿಸಿದ. ಅವರಲ್ಲಿ ಮಗು ಹುಟ್ಟುವ ಮೊದಲು ಮನೆಗೆ ಮಗುವಿನ ಸಾಮಾನು ತರುವುದಿಲ್ಲವಂತೆ. ಬಟ್ಟೆ, ತೊಟ್ಟಿಲು, ಆಟದ ಸಾಮಾನು ಯಾವುದೂ ಇಲ್ಲ. ಹೆಸರೂ ಬಾಯಿಬಿಟ್ಟು ಹೇಳುವುದಿಲ್ಲ.

ಅವಳೇನು ದೊಡ್ಡ ಆಚಾರವಂತೆ ಅಲ್ಲ ಮಾರಾಯ್ರೆ. ಅವರ ಧರ್ಮದಲ್ಲಿ ನಿಷಿದ್ಧವಾದ ಸಿಗಡಿಯನ್ನೂ ನಮ್ಮ ಮನೆಯಲ್ಲಿ ಸುಕ್ಕ ಮಾಡಿದರೆ ಚಪ್ಪರಿಸಿ ತಿನ್ನುತ್ತಾಳೆ. ಶನಿವಾರ ಫೋನು ಮುಟ್ಟಬಾರದು ಅಂತ ಇದೆಯಂತೆ, ಇವಳು ಇಡೀ ದಿನ ಅದರಲ್ಲೇ ಇರುತ್ತಾಳೆ. ಆದರೆ ಇದೊಂದರಲ್ಲಿ ಮಾತ್ರ ಬಿಲ್‌ಕುಲ್ ಬಗ್ಗುವುದಿಲ್ಲ.

ನನಗೆ ಸಿಟ್ಟಿಲ್ಲ. ಚಿಂತೆ ಉಂಟು. ಆ ದಿನ ಕೈಗೆ ಬಟ್ಟೆ ಎಲ್ಲಿಂದ ಬರಬೇಕು? ಬಯಕೆಯ ಸೀಮಂತ ಮಾಡಬಹುದಾ? ಸಂಬಂಧಿಕರು ಕೇಳಿ ಕೇಳಿ ಸಾಕಾಗಿದೆ. ಅವರ ಕಡೆಯ ಕ್ರಮ ಗೊತ್ತಿದ್ದವರು ಯಾರಾದರೂ ಇದ್ದರೆ ಹೇಳಿ.


ಶಿರ್ವದವಳು
ಮೇ 6

ಅಮ್ಮ, ನಾನು 9 ವರ್ಷ ಇಸ್ರೇಲಿನಲ್ಲಿ ಕೇರ್‌ಗಿವರ್ ಆಗಿದ್ದವಳು. ನಮ್ಮ ಉಡುಪಿ, ಮಂಗಳೂರು ಕಡೆಯವರು ಅಲ್ಲಿ ಎಷ್ಟು ಜನ ಅಂತ ನಿಮಗೂ ಗೊತ್ತಿರಬಹುದು. ನಾನಿದ್ದದ್ದು ಬ್ನೇಯ್ ಬ್ರಾಕ್‌ನಲ್ಲಿ. ಟೆಲ್ ಅವೀವಿನ ಪಕ್ಕದಲ್ಲೇ, ಪೂರಾ ಆಚಾರವಂತರ ಊರು. ನಾನು ನೋಡಿಕೊಳ್ಳುತ್ತಿದ್ದ ಸಾವ್ತಾಗೆ (ಅಜ್ಜಿಗೆ ಅಲ್ಲಿ ಹಾಗೆ ಹೇಳುವುದು) ಮೊಮ್ಮಕ್ಕಳು ಲೆಕ್ಕವಿಲ್ಲದಷ್ಟು. ಹಾಗಾಗಿ ಹೆರಿಗೆಯೂ ಬಾಣಂತನವೂ ಧಾರಾಳ ನೋಡಿದ್ದೇನೆ.

ನಿಮ್ಮ ಸೊಸೆ ಹೇಳಿದ್ದು ನಿಜ. ಇದು ಅವರ ಶಾಸ್ತ್ರದಲ್ಲಿ ಕಟ್ಟುನಿಟ್ಟಾಗಿ ಬರೆದ ನಿಯಮ ಅಲ್ಲ. ‘ಮಿನ್‌ಹಾಗ್’ ಅಂತಾರೆ, ರೂಢಿ. ಮುಖ್ಯವಾಗಿ ಅಶ್ಕೆನಾಜಿಗಳಲ್ಲಿ, ಅಂದರೆ ಯುರೋಪಿನ ಮೂಲದವರಲ್ಲಿ. ಮೊರೊಕ್ಕೊ ಕಡೆಯಿಂದ ಬಂದ ಮನೆಗಳಲ್ಲಿ ಅಷ್ಟು ಬಿಗಿ ಇದ್ದದ್ದನ್ನು ನಾನು ನೋಡಲಿಲ್ಲ. ಕಾರಣ ‘ಆಯಿನ್ ಹರಾ’. ಶಬ್ದಕ್ಕೆ ಶಬ್ದ ಹೇಳಿದರೆ ಕೆಟ್ಟ ಕಣ್ಣು. ನಮ್ಮ ದೃಷ್ಟಿಯೇ! ಒಳ್ಳೆಯ ಮಾತಾಡಿದ ಕೂಡಲೇ ಸಾವ್ತಾ ‘ತ್ಫು ತ್ಫು ತ್ಫು’ ಅಂತ ಮೂರು ಸಲ ಉಗಿದ ಹಾಗೆ ಮಾಡುತ್ತಿದ್ದರು. ಮೊದಲ ಸಲ ನೋಡಿದಾಗ ನನಗೆ ನಮ್ಮ ಅಜ್ಜಿಯೇ ಎದುರು ಕೂತ ಹಾಗೆ ಆಯಿತು.

ಇನ್ನೊಂದು ವಿಷಯ ಗೊತ್ತಿರಲಿ. ಬಸುರಿಗೆ ‘ಮಜಲ್ ತೋವ್’ ಹೇಳಬೇಡಿ. ಅದು ಆದ ಶುಭಕ್ಕೆ. ಬಸುರಿಗೆ ಹೇಳುವುದು ‘ಬೆಶಾಆ ತೋವಾ’. ಒಳ್ಳೆಯ ಗಳಿಗೆಯಲ್ಲಿ ಆಗಲಿ ಅಂತ. ನೀವು ಒಮ್ಮೆ ಹಾಗೆ ಹೇಳಿ ನೋಡಿ, ಆ ಹುಡುಗಿಯ ಮುಖ ನೋಡಿ ಆಮೇಲೆ.

ಈಗ ಸಾಮಾನಿನ ವಿಷಯ. ಅಲ್ಲಿ ಅವರು ತಯಾರಿ ಮಾಡುವುದಿಲ್ಲ ಅಂತ ತಿಳಿಯಬೇಡಿ. ಚೆನ್ನಾಗಿ ಮಾಡುತ್ತಾರೆ, ಮನೆಯ ಒಳಗೆ ಮಾಡುವುದಿಲ್ಲ ಅಷ್ಟೆ. ಸಾವ್ತಾನ ಮೊಮ್ಮಗಳು ಎಂಟನೇ ತಿಂಗಳಲ್ಲಿ ಅಂಗಡಿಗೆ ಹೋಗಿ ತೊಟ್ಟಿಲು, ತಳ್ಳುಗಾಡಿ, ಬಟ್ಟೆ ಎಲ್ಲ ಆರಿಸಿದಳು. ಸ್ವಲ್ಪ ಮುಂಗಡ ಕೊಟ್ಟಳು. ಅಂಗಡಿಯವನು ಚೀಟಿ ಬರೆದು ಎಲ್ಲ ಗೋದಾಮಿನಲ್ಲಿ ಇಟ್ಟ. ಹೆರಿಗೆಯಾದ ರಾತ್ರಿ ಗಂಡ ಒಂದು ಫೋನ್ ಮಾಡಿದ, ಮರುದಿನ ಎಲ್ಲ ಮನೆಗೆ ಬಂತು. ಅಲ್ಲಿ ಅಂಗಡಿಯವರಿಗೆ ಇದು ದಿನನಿತ್ಯದ ವ್ಯಾಪಾರ. ಬಾಯಿಬಿಟ್ಟು ಹೇಳುವುದೂ ಬೇಡ, ಅವರಾಗಿಯೇ ಕೇಳುತ್ತಾರೆ, ‘ಹುಟ್ಟಿದ ಮೇಲಾ?’ ಅಂತ.

ಆ ಮೊಮ್ಮಗಳ ಮನೆಯಲ್ಲಿ ಕೋಣೆ ಖಾಲಿ ಇತ್ತು. ಗೋಡೆಗೆ ಸುಣ್ಣಬಣ್ಣ ಸಹ ಮಾಡಿರಲಿಲ್ಲ. ಆದರೆ ಯಾವ ಮೂಲೆಯಲ್ಲಿ ಯಾವುದು ಅಂತ ಅವಳಿಗೆ ಕಣ್ಣುಮುಚ್ಚಿ ಹೇಳಲಿಕ್ಕೆ ಗೊತ್ತಿತ್ತು.

ಗಂಡಾದರೆ ಎಂಟನೇ ದಿನ ಸುನ್ನತಿ, ಹೆಸರು ಹೇಳುವುದೂ ಆಗಲೇ. ಮಗುವಿಗೆ ಕಾಮಾಲೆ ಇದ್ದರೆ ಮುಂದೆ ಹಾಕುತ್ತಾರೆ. ದಿನ ಎಣಿಸುವಾಗ ಒಂದು ಎಚ್ಚರ: ಅವರ ದಿನ ಸೂರ್ಯ ಮುಳುಗಿದ ಮೇಲೆ ಶುರು. ಮಾಡುವವರು ಮುಂಬೈಯಿಂದಲೋ ಎಲ್ಲಿಂದಲೋ ಬರಬೇಕಾದೀತು. ಅದನ್ನು ಮೊದಲೇ ಮಾತಾಡಿ ಇಡಿ. ಮಾತಾಡಿ ಇಡುವುದು ಸಾಮಾನಲ್ಲವಲ್ಲ.

ಇನ್ನು, ನಮ್ಮ ಆಟಿಯ ಹಾಗೆ ಅವರಿಗೂ ಅದೇ ಹೊತ್ತಿಗೆ ಮೂರು ವಾರ ಉಂಟು. ಜೆರುಸಲೇಮಿನ ದೇವಾಲಯ ಬಿದ್ದುಹೋದ ದುಃಖದ ದಿನಗಳು. ಮದುವೆ ಗಿದುವೆ ಮಾಡುವುದಿಲ್ಲ. ಜುಲೈಯಲ್ಲೋ ಆಗಸ್ಟಿನಲ್ಲೋ ಬರುತ್ತದೆ. ಹಾಗಾಗಿ ಆಟಿಯಲ್ಲಿ ಶುಭಕಾರ್ಯ ಬೇಡ ಅಂತ ನೀವು ಅವಳಿಗೆ ಹೇಳಿದರೆ ಅವಳು ಆಶ್ಚರ್ಯ ಪಡುವುದಿಲ್ಲ.


ನೇರ ಮಾತು
ಮೇ 6

ಸಾಫ್ಟ್‌ವೇರ್, ಹೈಫಾ, ಎಲ್ಲ ಇದ್ದೂ ಇನ್ನೂ ಕಣ್ಣು, ದೃಷ್ಟಿ. ಇದೆಲ್ಲ ಸುಮ್ನೆ ಮೂಢನಂಬಿಕೆ. ಬಟ್ಟೆ ತಂದಿಟ್ಟರೆ ಮಗುವಿಗೆ ಏನಾಗುತ್ತದೆ? ಓದಿದವರೇ ಹೀಗಾದರೆ ಹೇಗೆ?


ಬಿಜೈ ಅಮ್ಮ
ಮೇ 6

ತಮ್ಮಾ, ನೀನು ಹೊಸ ಬೈಕ್ ತಂದ ದಿನ ಚಕ್ರದ ಅಡಿಗೆ ಲಿಂಬೆಹಣ್ಣು ಇಟ್ಟಿರಲಿಲ್ಲವಾ? ಇಟ್ಟಿರಲಿಲ್ಲ ಅಂದರೆ ನಿನ್ನ ಅಮ್ಮನ ಹತ್ತಿರ ಕೇಳಿ ಬಂದು ಬರಿ.


ಕಂಕನಾಡಿ ಸಿಸ್ಟರ್
ಮೇ 7

22 ವರ್ಷದಿಂದ ಹೆರಿಗೆ ವಾರ್ಡಿನಲ್ಲಿದ್ದೇನೆ. ಮೇಲಿನ ತಮ್ಮನಿಗೆ ಮೊದಲು ಒಂದು ಮಾತು. ಬಟ್ಟೆ ತಂದಿಟ್ಟದ್ದರಿಂದ ಏನೂ ಆಗುವುದಿಲ್ಲ, ಸರಿ. ಆದರೆ ಮಗು ಉಳಿಯದೆ ಬರಿಗೈಯಲ್ಲಿ ಮನೆಗೆ ಹೋದ ತಾಯಂದಿರನ್ನು ನಾನು ನೋಡಿದ್ದೇನೆ. ಒಬ್ಬಳು ಡಿಸ್ಚಾರ್ಜ್ ಆಗುವ ದಿನ ಅಕ್ಕನಿಗೆ ಫೋನ್ ಮಾಡಿ ಹೇಳಿದ್ದು ಒಂದೇ ಮಾತು. ನಾನು ಬರುವ ಮೊದಲು ಆ ಕಪಾಟು ಖಾಲಿ ಮಾಡಿಡು ಅಂತ. ಹಿಂದಿನ ಕಾಲದಲ್ಲಿ ಇಂಥದ್ದು ಮನೆ ಮನೆಯಲ್ಲಿ ಆಗುತ್ತಿತ್ತು. ಈ ರೂಢಿ ಎಲ್ಲಿಂದ ಬಂತು ಅಂತ ನನಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ಈಗ ಅಮ್ಮನಿಗೆ. ಆಸ್ಪತ್ರೆಗೆ ತರುವ ಬ್ಯಾಗು ತಾಯಿಯದ್ದು ಅಂತ ಇಟ್ಟುಕೊಳ್ಳಿ. ಮುಂದೆ ಬಟನ್ ಇರುವ ನೈಟಿ, ಪ್ಯಾಡ್, ಟವೆಲ್, ಫೈಲು. ಸೊಸೆಯ ಪಾಸ್‌ಪೋರ್ಟು, ವೀಸಾದ ನಕಲು ಮರೆಯಬೇಡಿ. ಹುಟ್ಟಿದ ಕೂಡಲೇ ಮಗುವಿಗೆ ಬೇಕಾಗುವುದು ತುಂಬಾ ಕಡಿಮೆ. ಒರೆಸಿ ತಾಯಿಯ ಎದೆಯ ಮೇಲೆ ಹಾಕುತ್ತೇವೆ, ಅದಕ್ಕಿಂತ ಬೆಚ್ಚಗೆ ಬೇರೆ ಇಲ್ಲ. ಒಂದು ಗಂಟೆಯ ಒಳಗೆ ಹಾಲು ಕುಡಿಸಬೇಕು. ಒರೆಸುವ ಬಟ್ಟೆ, ಸುತ್ತುವ ಬಟ್ಟೆ ಹೆಚ್ಚಿನ ಕಡೆ ಆಸ್ಪತ್ರೆಯಲ್ಲೇ ಇರುತ್ತದೆ, ನಿಮ್ಮಲ್ಲಿ ಒಮ್ಮೆ ಕೇಳಿಕೊಳ್ಳಿ. 24 ಗಂಟೆ ಸ್ನಾನ ಬೇಡ. ಬಿ.ಸಿ.ಜಿ., ಪೋಲಿಯೋ ಹನಿ, ಹೆಪಟೈಟಿಸ್ ಬಿ ಲಸಿಕೆ ಅಲ್ಲೇ ಆಗುತ್ತದೆ. ಮರುದಿನಕ್ಕೆ ನಾಲ್ಕು ಜೊತೆ ಮೆತ್ತನೆ ಬಟ್ಟೆ, ಒಂದು ಕುಲಾವಿ ಬಂದರೆ ಸಾಕು. ಅಷ್ಟರಲ್ಲಿ ಯಾರಾದರೂ ಅಂಗಡಿಗೆ ಹೋಗಿ ಬರಬಹುದು.

ಕಷ್ಟ ಬರುವುದು ಮನೆಗೆ ಹೋದ ಮೇಲೆ. ಒಂದು ವಾರ ಕಳೆದ ಮೇಲೆ ದಿನಕ್ಕೆ 12-15 ಬಟ್ಟೆ ಒದ್ದೆಯಾಗುತ್ತದೆ. ಆಟಿಯಲ್ಲಿ ಒಣಗಲು ಎರಡು ದಿನ ಹಿಡಿದರೆ 40 ಚೂರಾದರೂ ಕೈಯಲ್ಲಿರಬೇಕು. ಹೊಸ ಬಟ್ಟೆ ಬೇಡ, ಹಳೆಯ ವೇಷ್ಟಿಯೇ ಮೆತ್ತಗೆ. ಅದನ್ನು ಮುಂಚೆಯೇ ಒಗೆದು ಬಿಸಿಲಿಗೆ ಹಾಕಬೇಕಾದರೆ ಈ ಮೇ ತಿಂಗಳು ಬಿಟ್ಟರೆ ಬಿಸಿಲು ಸಿಗುವುದಿಲ್ಲ, ನೋಡಿ.

ಜನನ ನೋಂದಣಿಗೆ ಹೆಸರು ಬೇಕು ಅಂತ ಗಡಿಬಿಡಿ ಮಾಡಬೇಡಿ. 21 ದಿನದ ಒಳಗೆ ಜನನ ನೋಂದಣಿ ಆದರೆ ಸಾಕು. ಹೆಸರಿನ ಜಾಗ ಖಾಲಿ ಬಿಟ್ಟು, ವರ್ಷದ ಒಳಗೆ ಸೇರಿಸಬಹುದು, ಶುಲ್ಕ ಇಲ್ಲ.


ರಥಬೀದಿ ಅಂಗಡಿ
ಮೇ 7

ನಮ್ಮದು ಮಕ್ಕಳ ಬಟ್ಟೆ ಅಂಗಡಿ. ಅಮ್ಮ, ಇದೆಂತ ದೊಡ್ಡ ವಿಷಯ! ಬಂದು ಆರಿಸಿ, ಬಿಲ್ಲು ಈಗ ಮಾಡಬೇಡಿ. ಚೀಲದಲ್ಲಿ ಹಾಕಿ ನಿಮ್ಮ ಹೆಸರು ಬರೆದು ಮೇಲೆ ಇಡುತ್ತೇನೆ. ಫೋನ್ ಬಂದ ದಿನ ಹುಡುಗನ ಕೈಯಲ್ಲಿ ಕಳಿಸುತ್ತೇನೆ. ಮಳೆಯಿದ್ದರೆ ಎರಡು ಪ್ಲಾಸ್ಟಿಕ್ ಸುತ್ತಿ ಕಳಿಸುತ್ತೇನೆ. ಯಹೂದಿಗಳು ಅಂತಲ್ಲ, ನಮ್ಮವರೇ ಎಷ್ಟೋ ಜನ ಹೀಗೆ ಮಾಡುತ್ತಾರೆ. ಏಳನೇ ತಿಂಗಳಲ್ಲಿ ಬಂದು ನೋಡಿ ಹೋಗುತ್ತಾರೆ. ‘ಸುಮ್ನೆ ನೋಡ್ಲಿಕ್ಕೆ ಬಂದದ್ದು’ ಅಂತಾರೆ. ಹುಟ್ಟಿದ ಮರುದಿನ ಅಜ್ಜ ಬಂದು ‘ಅವಳು ಅವತ್ತು ನೋಡಿದ್ದನ್ನು ಕೊಡು’ ಅಂತಾರೆ. ಯಾವುದು ಅಂತ ನಾವು ನೆನಪಿಟ್ಟುಕೊಳ್ಳಬೇಕು!


ಬಿಜೈ ಅಮ್ಮ
ಮೇ 8

ಎಲ್ಲರ ಮಾತು ಓದಿದೆ. ಅಂಗಡಿಯ ತಮ್ಮ ಹೇಳಿದ್ದನ್ನು ಓದುವಾಗ ಥಟ್ಟನೆ ಒಂದು ನೆನಪಾಯಿತು. ಇಷ್ಟು ವರ್ಷ ಅದು ಎಲ್ಲಿ ಹೋಗಿತ್ತೋ.

1992ರಲ್ಲಿ ನಾನು ಬಸುರಿ. ಏಳು ತಿಂಗಳಿಗೆ ಒಂದು ಕುಲಾವಿ ಹೊಲಿಯಬೇಕು ಅಂತ ಆಸೆಯಾಯಿತು. ಹಳದಿ ಬಟ್ಟೆ, ಅಂಚಿಗೆ ಬಿಳಿ ಲೇಸು. ನನ್ನ ಅತ್ತೆ ಕಂಡದ್ದೇ ಕಂಡದ್ದು, ಸೂಜಿ ಕಸಿದುಕೊಂಡರು. ‘ತಲೆ ಬರಲಿ, ಆಮೇಲೆ ಟೊಪ್ಪಿ’ ಅಂದರು. ನನಗೆ ಹಟ. ಅರ್ಧ ಹೊಲಿದ ಕುಲಾವಿಯನ್ನು ಟಿಫಿನ್ ಚೀಲದಲ್ಲಿ ಹಾಕಿ ಆಫೀಸಿಗೆ ಒಯ್ದೆ. ಮಧ್ಯಾಹ್ನ ಕೌಂಟರು ಖಾಲಿ ಇದ್ದಾಗ ಹೊಲಿದೆ. ಮುಗಿದ ಮೇಲೆ ಡ್ರಾಯರಿನಲ್ಲಿ, ಮೊಹರುಗಳ ಹಿಂದೆ ಇಟ್ಟೆ. ಹೆರಿಗೆಯಾಗಿ ಮೂರನೇ ದಿನ ನಮ್ಮ ಪೋಸ್ಟ್‌ಮ್ಯಾನ್ ಮಾವನ ಕೈಯಲ್ಲಿ ತರಿಸಿಕೊಂಡೆ. ಅಂಚಿನಲ್ಲಿ ನೇರಳೆ ಶಾಯಿ ತಾಗಿತ್ತು.

ಅಂದರೆ ನಮ್ಮ ಮನೆಯಲ್ಲೂ ಇದೇ ಇತ್ತು! ಅತ್ತೆಗೆ ಆಗ ನಾನು ಎಷ್ಟು ಬೈದಿದ್ದೆ ಮನಸ್ಸಿನಲ್ಲಿ. ಈಗ ನಾನೇ ತೊಟ್ಟಿಲು ತೂಗು ಹಾಕಿ ಕೂತಿದ್ದೇನೆ.

ಸೊಸೆಗೆ ಈ ಕತೆ ಹೇಳಿದೆ. ಮಗ ಕೆಲವು ಶಬ್ದ ತಿರುಗಿಸಿ ಹೇಳಬೇಕಾಯಿತು, ಕುಲಾವಿಗೆ ಅವನಿಗೂ ಶಬ್ದ ಸಿಗಲಿಲ್ಲ, ತಲೆಯ ಮೇಲೆ ಕೈ ಇಟ್ಟು ತೋರಿಸಿದ. ಡ್ರಾಯರಿನ ಕತೆಗೆ ಅವಳು ಎಷ್ಟು ನಕ್ಕಳು ಅಂದರೆ ಹೊಟ್ಟೆ ಹಿಡಿದುಕೊಂಡು ಕೂರಬೇಕಾಯಿತು. ಆಮೇಲೆ ನಾನು ‘ಬೆಶಾಆ ತೋವಾ’ ಅಂದೆ. ಶಿರ್ವದ ತಂಗಿ, ನೀನು ಹೇಳಿದ ಹಾಗೇ ಆಯಿತು. ಬಂದು ತಬ್ಬಿಕೊಂಡಳು. ಅವರಲ್ಲಿ ತಬ್ಬುವುದು ಜಾಸ್ತಿ, ನನಗೆ ಇನ್ನೂ ಅಭ್ಯಾಸ ಆಗಿಲ್ಲ.

ಸೀಮಂತದ ಬಗ್ಗೆ ಅವಳನ್ನೇ ಕೇಳಿದೆ. ಮಗುವಿಗೆ ಅಂತ ಯಾರೂ ಏನೂ ತರಬಾರದು, ಅವಳಿಗೆ ಹೂ, ಬಳೆ, ಊಟ ಆಗಬಹುದು ಅಂದಳು. ಹಾಗೆಯೇ ಎಲ್ಲರಿಗೂ ಹೇಳಿದ್ದೇನೆ. ಶಂಕರಪುರ ಮಲ್ಲಿಗೆ ಎಷ್ಟು ಬೇಕು ಅಂತ ಕೇಳಿದರೆ ‘ಒಂದು ಅತ್ತೆ’ ಅನ್ನುತ್ತಾಳೆ. ಮಲ್ಲಿಗೆ ಲೆಕ್ಕ ಹಾಕುವ ಅಟ್ಟೆಗೂ ಅತ್ತೆಗೂ ಅವಳ ನಾಲಿಗೆಯಲ್ಲಿ ವ್ಯತ್ಯಾಸ ಇಲ್ಲ. ಒಂದು ಅತ್ತೆ ಸಾಕು ಅಂತ ಮಗ ಹೇಳಿದ.


ಮುಲ್ಕಿ ಮಾವ
ಮೇ 9

ನಾನು ಮುಂಬೈಯಲ್ಲಿ 40 ವರ್ಷ ಹೋಟೆಲಿನಲ್ಲಿದ್ದವನು, ಮಸ್ಜಿದ್ ಸ್ಟೇಷನ್ ಹತ್ತಿರ. ಅಲ್ಲಿ 1796ರ ಒಂದು ಹಳೆಯ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಉಂಟು. ಸ್ಟೇಷನಿಗೆ ಆ ಹೆಸರು ಬಂದದ್ದೂ ಅದರಿಂದಲೇ ಅಂತ ಅಲ್ಲಿಯ ಹಳಬರು ಹೇಳುತ್ತಿದ್ದರು. ನಮ್ಮ ಹೋಟೆಲಿನ ಮೇಲಿನ ಮಾಳಿಗೆಯಲ್ಲಿ ಒಂದು ಬೆನೆ ಇಸ್ರೇಲ್ ಕುಟುಂಬ ಇತ್ತು. ಕೊಂಕಣದ ಯಹೂದಿಗಳು, ಮನೆಮಾತು ಮರಾಠಿ. ಅವರ ಹಿರಿಯರ ಹಡಗು ಅಲಿಬಾಗಿನ ಹತ್ತಿರ ಒಡೆದು ಏಳು ಜೋಡಿ ಮಾತ್ರ ಉಳಿದರು ಅಂತ ಕತೆ. ಎಣ್ಣೆ ಗಾಣದವರಾಗಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದದ್ದಕ್ಕೆ ಊರವರು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು, ಅಂತ ಕರೆಯುತ್ತಿದ್ದರಂತೆ.

ಆ ಮನೆಯ ಮಗಳಿಗೆ ಹೆರಿಗೆಯಾಗಿ ಎಲ್ಲ ಸುಸೂತ್ರ ಆದ ಮೇಲೆ ಅವರು ‘ಮಲಿದಾ’ ಮಾಡಿದರು. ಏನು ಅಂತೀರಿ? ನಮ್ಮ ಅವಲಕ್ಕಿ! ತೊಳೆದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ. ತಟ್ಟೆಯ ಸುತ್ತ ಹಣ್ಣು. ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಪ್ರಾರ್ಥನೆ ಮಾಡಿ ಹಂಚುವುದು. ನನಗೂ ಒಂದು ತಟ್ಟೆ ಬಂತು. ಬೆಲ್ಲದ ಬದಲು ಸಕ್ಕರೆ, ಅಷ್ಟೇ ವ್ಯತ್ಯಾಸ, ಉಳಿದದ್ದು ನಮ್ಮ ಮನೆಯ ಸಿಹಿ ಬಜಿಲೇ (ಸಿಹಿ ಅವಲಕ್ಕಿ). ಯುರೋಪು ಮೂಲದ ನಿಮ್ಮ ಸೊಸೆಗೆ ಇದು ಗೊತ್ತಿರಲಿಕ್ಕಿಲ್ಲ. ಒಮ್ಮೆ ಹೇಳಿ ನೋಡಿ.


ಹಳೆಬಂದರು
ಮೇ 9

ಸ್ವಲ್ಪ ವಿಷಯಾಂತರ. ಮಂಗಳೂರಿನಲ್ಲಿ ಯಹೂದಿ ಸಂಸಾರ ಇದೇ ಮೊದಲಲ್ಲ ಅಮ್ಮ. ಅಬ್ರಹಾಂ ಬೆನ್ ಯಿಜು ಅಂತ ಟುನೀಷಿಯಾದ ವ್ಯಾಪಾರಿ, 12ನೇ ಶತಮಾನದಲ್ಲಿ ಇಲ್ಲೇ ಹದಿನೇಳು ವರ್ಷ ಹತ್ತಿರ ಇದ್ದ. ಅಡಿಕೆ, ಕಾಳುಮೆಣಸು, ಕಬ್ಬಿಣ ಕಳಿಸುವುದು, ಏಡನ್‌ನಿಂದ ಸಕ್ಕರೆ, ಒಣದ್ರಾಕ್ಷಿ, ಕಾಗದ ತರಿಸಿಕೊಳ್ಳುವುದು. ಆಶು ಎಂಬ ಇಲ್ಲಿಯ ದಾಸಿಯನ್ನು 1132ರಲ್ಲಿ ಬಿಡುಗಡೆ ಮಾಡಿದ ಪತ್ರ ಕೈರೋದ ಸಿನಗಾಗಿನಲ್ಲಿ ಉಳಿದ ಹಳೆಯ ಕಾಗದಗಳ ನಡುವೆ ಸಿಕ್ಕಿದೆ. ಅವಳನ್ನೇ ಮದುವೆಯಾದ, ಮಕ್ಕಳಾದವು. 1149ರಲ್ಲಿ ಮಕ್ಕಳನ್ನು ಕರೆದುಕೊಂಡು ಏಡನ್‌ಗೆ ವಾಪಸು ಹೋದ.


ಬಿಜೈ ಅಮ್ಮ
ಮೇ 9

ಇದು ನನಗೆ ಗೊತ್ತೇ ಇರಲಿಲ್ಲ. ಆ ಆಶುವಿಗೆ ಬಾಣಂತನ ಮಾಡಿದವರು ಯಾರೋ. ಆ ಪುಣ್ಯಾತ್ಗಿತ್ತಿಯೂ ಆಟಿಯಲ್ಲಿ ಬಟ್ಟೆ ಒಣಗಿಸಿರಬಹುದು.


ಬಿಜೈ ಅಮ್ಮ
ಆಗಸ್ಟ್ 5

ಕೇಳಿದವರಿಗೆಲ್ಲ ಸುದ್ದಿ ಹೇಳದಿದ್ದರೆ ತಪ್ಪಾಗುತ್ತದೆ. ಹೆಣ್ಣುಮಗು. ತಾಯಿ, ಮಗು ಇಬ್ಬರೂ ಸೌಖ್ಯ. ಈಗ ‘ಮಜಲ್ ತೋವ್’ ಹೇಳಬಹುದು.

ಬಟ್ಟೆಯ ಕತೆ ಮೊದಲು. ಮೇ ತಿಂಗಳಲ್ಲೇ ಗಂಡನ ಹಳೆಯ ವೇಷ್ಟಿ ಏಳು ಆರಿಸಿ ಒಗೆದು ಬಿಸಿಲಿಗೆ ಹಾಕಿದೆ. ಸೊಸೆ ನೋಡಿದಳು, ಏನೂ ಹೇಳಲಿಲ್ಲ. ವೇಷ್ಟಿ ಅಂದರೆ ಮಾವನ ಬಟ್ಟೆಯಲ್ಲವಾ. ಮಡಚಿ ಆಚೆಮನೆ ಅಕ್ಕನ ಮನೆಗೆ ಒಯ್ದೆ. ವೇಷ್ಟಿ ವೇಷ್ಟಿಯಾಗಿಯೇ ನಮ್ಮ ಗೇಟು ದಾಟಿತು. ಅಲ್ಲಿ ಇಬ್ಬರೂ ಕೂತು ಹರಿದೆವು. ಅಂಚಿಗೆ ಕತ್ತರಿಯಿಂದ ಒಂದು ಗಾಯ ಮಾಡಿ ಎಳೆದರೆ ಪರ್‌ರ್ ಅಂತ ನೇರ ಹೋಗುತ್ತದೆ, ನಿಮಗೆ ಗೊತ್ತಿರಬಹುದು. ಆ ಸದ್ದು ಕೇಳುವಾಗ ನಾನು ಎರಡು ಸಲ ಕಿಟಕಿಯಿಂದ ನಮ್ಮ ಮನೆಯ ಕಡೆ ನೋಡಿದೆ. 46 ಚೂರು ಆಯಿತು. ಅಕ್ಕನ ಕಪಾಟಿನ ಮೇಲಿನ ಅರೆಯಲ್ಲಿ ಬೇವಿನೆಲೆ ಹಾಕಿ ಇಟ್ಟೆವು. ಅಂಚೆಯಲ್ಲಿ ಪಾರ್ಸೆಲ್ ಬಂದು, ತೆಗೆದುಕೊಳ್ಳುವವರು ಬರುವವರೆಗೆ ಕೌಂಟರಿನಲ್ಲಿ ಕಾಯುವುದಿಲ್ಲವಾ, ಹಾಗೆ. ರಥಬೀದಿಯ ತಮ್ಮನಲ್ಲೂ ಒಂದು ಚೀಲ ಇತ್ತು. ಸೊಸೆಯೇ ಬಂದು ಆರಿಸಿದ್ದಳು. ಬಿಲ್ಲು ಮಾಡಲಿಲ್ಲ. ಒಂದು ಚಿಕ್ಕ ಕಾಲುಚೀಲವನ್ನು ಬೆರಳಿಗೆ ಹಾಕಿ ನೋಡಿ ಕೂಡಲೇ ತೆಗೆದು ಇಟ್ಟಳು.

ಜುಲೈ ಮೊದಲಿಗೆ ಬೀಗಿತಿ ಬಂದರು. ಅವರ ಪೆಟ್ಟಿಗೆಯಲ್ಲೂ ಮಗುವಿನದ್ದು ಅಂತ ಒಂದು ನೂಲೂ ಇರಲಿಲ್ಲ. ಒಂದು ಕಾರ್ಡು ಮಾತ್ರ, ಹೀಬ್ರೂ ಅಕ್ಷರದ್ದು. ಹೆರುವವಳ ಕೋಣೆಯಲ್ಲಿ ಇಡುವುದಂತೆ. ಕಂಕನಾಡಿ ಸಿಸ್ಟರ್ ನಮ್ಮ ಆಸ್ಪತ್ರೆಯವರಲ್ಲ, ಆದರೆ ಅಲ್ಲಿಯ ಒಬ್ಬ ಸಿಸ್ಟರ್ ಅದೇನು ಅಂತ ಕೇಳಿದರು. ಸೊಸೆ ಅರ್ಥ ಹೇಳಿದಳು. ‘ಓ, ಇದು ನಮ್ಮ ಬೈಬಲಿನ 121ನೇ ಕೀರ್ತನೆ, ಬೆಟ್ಟದ ಕಡೆಗೆ ಕಣ್ಣೆತ್ತುವುದು!’ ಅಂತ ಹೇಳಿ ಆ ಸಿಸ್ಟರ್ ತಾವೇ ಟೇಪು ತಂದು ಗೋಡೆಗೆ ಅಂಟಿಸಿದರು.

ಮಂಗಳವಾರ ರಾತ್ರಿ ಹುಟ್ಟಿದ್ದು. ನಾನು ಹೊರಗೆ ಬೆಂಚಿನಲ್ಲಿ ಕೂತಿದ್ದೆ. ಮಗ ಬಂದು ಹೇಳಿದ ಕೂಡಲೇ ನಾನು ಮಾಡಿದ ಮೊದಲ ಫೋನು ದೇವಸ್ಥಾನಕ್ಕೂ ಅಲ್ಲ, ತಂಗಿಗೂ ಅಲ್ಲ. ಆಚೆಮನೆಗೆ. ರಾತ್ರಿ ಹನ್ನೊಂದೂವರೆ. ಅಕ್ಕ ‘ಹಲೋ’ ಅನ್ನಲಿಲ್ಲ, ‘ಕಪಾಟು ತೆಗೆಯಲಾ?’ ಅಂದರು.

ಹೆಸರು ಗುರುವಾರ ಬಂತು. ಅವರ ಸಿನಗಾಗಿನಲ್ಲಿ ಸೋಮವಾರ, ಗುರುವಾರ, ಶನಿವಾರ ತೋರಾ (ಅವರ ಧರ್ಮಗ್ರಂಥ) ಓದುವುದಂತೆ. ಹೆಣ್ಣುಮಗುವಿಗೆ ಆ ಹೊತ್ತಿನಲ್ಲಿ ಹೆಸರು ಹೇಳುವುದು. ಅದಕ್ಕೆ ಬೇಕಾದ ಹತ್ತು ಜನ ಯಹೂದಿ ಗಂಡಸರನ್ನು ಇಲ್ಲಿ ಎಲ್ಲಿಂದ ತರುವುದು? ಹಾಗಾಗಿ ಹೈಫಾದಲ್ಲಿ ಅವಳ ಅಪ್ಪ ಹೋದರು. ಅಲ್ಲಿ ಬೆಳಿಗ್ಗೆ ಏಳೂವರೆ, ನಮ್ಮಲ್ಲಿ ಹತ್ತು. ಹೊರಗೆ ಬಂದು ಫೋನ್ ಮಾಡಿದರು. ಸೊಸೆ ಮಗುವಿನ ಕಿವಿಗೆ ಫೋನು ಹಿಡಿದಳು. ತೀರಿಹೋದ ಅವಳ ಅಜ್ಜಿಯ ಹೆಸರು. ಅಷ್ಟು ತಿಂಗಳು ಅವಳಿಗೆ ಗೊತ್ತಿತ್ತು, ನನ್ನ ಮಗನಿಗೂ ಗೊತ್ತಿತ್ತು, ಒಬ್ಬರೂ ಬಾಯಿಬಿಟ್ಟಿರಲಿಲ್ಲ. ಇಲ್ಲಿ ಬರೆಯುವುದು ಬೇಡ ಅಂತ ಸೊಸೆ ಹೇಳಿದ್ದಾಳೆ. ತಾಯಿ ಯಹೂದಿಯಾದರೆ ಮಗುವೂ ಯಹೂದಿ ಅಂತ ಅವರ ಲೆಕ್ಕ. ನಮ್ಮ ಲೆಕ್ಕದಲ್ಲಿ ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕುವುದು. ಎರಡೂ ಇರಲಿ. ಬೀಗಿತಿ ಕೆಂಪು ನೂಲು ಕಟ್ಟಿದ್ದಾರೆ, ನಾನು ಬಜೆ ಪೋಣಿಸಿ ಕಟ್ಟಿದ್ದೇನೆ. ಒಂದೇ ಕೈಗೆ.

ಬಟ್ಟೆ ಒಣಗುತ್ತಿಲ್ಲ, ಹೇಳಿದ ಹಾಗೆ. ಬಚ್ಚಲು ಒಲೆಯ ಮೇಲೆ ಗಳು ಕಟ್ಟಿ ಸಾಲಾಗಿ ಹಾಕಿದ್ದೇವೆ. ಬೀಗಿತಿ ರಾತ್ರಿ ಎದ್ದು ತಿರುವಿ ಹಾಕುತ್ತಾರೆ. 46 ಸಾಲುವುದಿಲ್ಲ ಸಿಸ್ಟರ್, 60 ಅಂತ ಹೇಳಿ ಮುಂದೆ ಕೇಳುವವರಿಗೆ.

ನಿನ್ನೆ ಸೊಸೆ ಕೇಳಿದಳು, ‘ಅತ್ತೆ, ಆ ತೊಟ್ಟಿಲು ಎಲ್ಲಿ?’ ಅಟ್ಟದಿಂದ ಇಳಿಸಿದೆವು. ಮಳೆಗಾಲದ ಗಾಳಿಗೆ ಸರಪಳಿ ನಾಲ್ಕೂ ಮತ್ತೆ ಕಪ್ಪಾಗಿತ್ತು. ಇವತ್ತು ಬೆಳಿಗ್ಗೆಯಿಂದ ಹುಣಸೆಹುಳಿ ಹಿಡಿದು ಕೂತಿದ್ದೇನೆ. ಎದುರಿಗೆ ಬೀಗಿತಿ ಕೂತಿದ್ದಾರೆ. ಎರಡು ಸರಪಳಿ ಅವರಿಗೆ, ಎರಡು ನನಗೆ.

ಮುಲ್ಕಿ ಮಾವ, ತೊಟ್ಟಿಲ ದಿನ ನಿಮ್ಮ ಆ ಮಲಿದಾ ಮಾಡುವುದು ಅಂತ ಉಂಟು. ಬೀಗಿತಿಗೆ ಹೇಳಿದೆ, ಅವರು ಕೇಳಿಯೇ ಇರಲಿಲ್ಲ. ದಪ್ಪ ಅವಲಕ್ಕಿಯಾ, ತೆಳುವಿನದ್ದಾ? ಬೇಗ ಬರೆಯಿರಿ, ನಾಳೆ ಅಂಗಡಿಗೆ ಹೋಗಬೇಕು.


ಮುಲ್ಕಿ ಮಾವ
ಆಗಸ್ಟ್ 5

ನನಗೆ ಬಂದ ತಟ್ಟೆಯಲ್ಲಿದ್ದದ್ದು ದಪ್ಪದ್ದು. ನೀರು ಹಾಕಿ ಕೂಡಲೇ ಬಸಿಯಿರಿ, ಇಲ್ಲದಿದ್ದರೆ ಮುದ್ದೆಯಾಗುತ್ತದೆ. ತೆಂಗಿನಕಾಯಿ ಧಾರಾಳ ಇರಲಿ.